ಬಾಬಿನ್ ದಾರ

ಮೊದಲು ಬಂದದ್ದು ಹಿಮ್ಮಡಿಗೆ.
ಬೆಳಗ್ಗೆ ಎದ್ದು ಕಾಲಿಟ್ಟರೆ
ಯಾರೋ ರಾತ್ರಿ ನೆಲದಲ್ಲಿ ಮೊಳೆ ನೆಟ್ಟು ಹೋದಂತೆ.
ಹತ್ತು ಹೆಜ್ಜೆಗೆ ಸರಿಹೋಯಿತು, ಮರೆತೆ.

ಆಮೇಲೆ ಬಲ ಮೊಣಕಾಲು.
ಜೀನ್ಸ್ ಹೊಲಿಯುವವನಿಗೆ ಅದು ಮೂರನೇ ಕೈ;
ಮೇಜಿನಡಿಯ ಪಟ್ಟಿಗೆ ತಾಗಿದರೆ
ಸೂಜಿ ಪಕ್ಕದ ಪಾದ ಮೇಲೇಳಬೇಕು, ಬಟ್ಟೆ ತಿರುಗಬೇಕು,
ಜೇಬಿನ ಮೂಲೆ ಮುರಿಯಬೇಕು.
ದಿನಕ್ಕೆ ಎಷ್ಟು ಸಾವಿರ ಸಲ, ಎಣಿಸಿದವರಿಲ್ಲ.
ಈಗ ಪಟ್ಟಿ ತಾಗಿದರೆ ಏಳುವವನು ನಾನು.

ಊದಿತು. ಕಾದಿತು,
ಹೊತ್ತು ಮುಳುಗಿ ಎರಡು ತಾಸಾದರೂ
ಕೋಟೆಗುಡ್ಡದ ಬಂಡೆ ಕಾವು ಬಿಡುತ್ತದಲ್ಲ, ಹಾಗೆ.
ಎಡಗಾಲಿನ ಒಂದೇ ಒಂದು ಬೆರಳು, ನಾಲ್ಕನೆಯದು,
ತೊಂಡೆಕಾಯಿಯಾಯಿತು.
ಕಣ್ಣು ಕೆಂಪಾದದ್ದಕ್ಕೆ ಡೆನಿಮ್ ಧೂಳನ್ನು ಬೈದೆ.

ಕೌಲ್ ಬಜಾರಿನಲ್ಲಿ ವೈದ್ಯರಿಗೆ ಬರವಿಲ್ಲ.
"ಯೂರಿಕ್ ಆಸಿಡ್, ಬ್ಯಾಳಿ ಬಿಡು" ಅಂದ ಮಾಸ್ತರ ಗಾದಿಲಿಂಗಪ್ಪ.
"ವಾತ" ಅಂದಳು ಎದುರುಮನೆ ಅಜ್ಜಿ, ಎಕ್ಕದ ಎಲೆ ಕಾಸಿ ತಂದಳು.
ಮೆಡಿಕಲ್ ಶಾಪಿನ ಹುಡುಗ ಏನೂ ಅನ್ನದೆ
ಕಾಗದದ ಚೂರಿನಲ್ಲಿ ಮೂರು ಬಣ್ಣದ ಗುಳಿಗೆ ಕಟ್ಟಿಕೊಟ್ಟ.
ಎರಡು ದಿನ ಓಡಾಡಿದೆ. ಮೂರನೇ ದಿನ
ಸುಂಕಮ್ಮನ ಹೆಗಲು ಹಿಡಿದು ಪಾಯಿಖಾನೆಗೆ ಹೋದೆ.

ದೊಡ್ಡಾಸ್ಪತ್ರೆ. ಚೀಟಿ ನೂರಾ ಹದಿನೇಳು. "ಯರ್ರಿಸ್ವಾಮಿ ಯಾರು?"
ಡಾಕ್ಟರಮ್ಮ ಮೊಣಕಾಲು ಒತ್ತಿದಳು,
ಬೆರಳು ನೋಡಿದಳು, ರೆಪ್ಪೆ ಬಿಡಿಸಿ ಕಣ್ಣು ನೋಡಿದಳು,
ಆಮೇಲೆ ಸಂಬಂಧವೇ ಇಲ್ಲದ ಮಾತೊಂದು ಕೇಳಿದಳು:
"ಹೋದ ತಿಂಗಳು ಹೊಟ್ಟೆ ಕೆಟ್ಟಿತ್ತಾ?"

ನಕ್ಕುಬಿಟ್ಟೆ. "ಮೇಡಂ, ನೋವಿರೋದು ಮೊಣಕಾಲಿಗೆ."
ಅವಳು ನಗಲಿಲ್ಲ. ಸುಂಕಮ್ಮನನ್ನು ಹೊರಗೆ ಕೂರಿಸಿ
ಉಚ್ಚೆ ಉರಿಯಿತಾ, ಬೇರೆ ಯಾರ ಜೊತೆಗಾದರೂ, ಅಂತ
ರೇಷನ್ ಕಾರ್ಡಿನ ಹೆಸರು ಓದುವ ದನಿಯಲ್ಲಿ ಕೇಳಿದಳು.
ಇಲ್ಲ, ಅದೆಲ್ಲ ಇಲ್ಲ. ಹೊಟ್ಟೆ?
ಹೊಟ್ಟೆ ಕೆಟ್ಟಿತ್ತು.

ಆ ರಾತ್ರಿ ನಾಗಪುರದ ಆರ್ಡರು. ಬೆಳಗಿನ ನಾಲ್ಕಕ್ಕೆ
ಒಗ್ಗರಣೆ ಮಂಡಕ್ಕಿ, ಮಿರ್ಚಿ, ಮುಚ್ಚಳವಿಲ್ಲದ ಡ್ರಮ್ಮಿನ ನೀರು.
ಮರುದಿನ ಹನ್ನೊಂದು ಜನ ಒಂದೇ ಪಾಯಿಖಾನೆಗೆ ಸಾಲು,
ಹುಸೇನ್‌ಪೀರ ನನಗಿಂತ ಮುಂದೆ, ಹೊಟ್ಟೆ ಹಿಡಿದು, ಬಯ್ಯುತ್ತ.
ನಾಲ್ಕು ದಿನಕ್ಕೆ ನಿಂತಿತು. ಮೂರು ವಾರ ಕಳೆದಿತ್ತು.
ಭೇದಿಯನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ?

ಮೈ ಇಟ್ಟುಕೊಳ್ಳುತ್ತದಂತೆ.

ದಪ್ಪ ಸೂಜಿ ಹಾಕಿ ಮೊಣಕಾಲಿನ ನೀರೆಳೆದರು,
ಅಕ್ಕಿ ತೊಳೆದ ನೀರಿಗೆ ಅರಿಸಿನ ಬಿದ್ದಂತೆ, ಮಬ್ಬು.
ಒಳಗೆ ಕೀವಿದ್ದರೆ ತಡಮಾಡುವ ಹಾಗಿಲ್ಲ, ಅಂದಿದ್ದಳು.
ಮೂರು ದಿನ ಕಾದೆವು. ಹರಳಿಲ್ಲ. ಯಾವ ಹುಳವೂ ಬೆಳೆಯಲಿಲ್ಲ.
"ಬಂದವರು ಯಾವಾಗಲೋ ಹೋಗಿದ್ದಾರೆ.
ಅವರನ್ನು ಹುಡುಕಿ ಹೊರಟ ನಿನ್ನವರೇ
ದಾರಿ ತಪ್ಪಿ ಮೊಣಕಾಲಿಗೆ ಬಡಿಯುತ್ತಿದ್ದಾರೆ."

ನನಗೆ ತಿಳಿದದ್ದು ನನ್ನ ಕಸುಬಿನಲ್ಲಿ:
ಹೊಲಿಗೆ ಮೇಲೆ ಕಾಣುತ್ತದೆ;
ಅದನ್ನು ಹಿಡಿದಿರುವ ದಾರ ಕೆಳಗೆ, ಬಾಬಿನ್ನಿನಲ್ಲಿ,
ಹೊಲಿಯುವವನ ಕಣ್ಣಿಗೂ ಬೀಳದೆ ಬಿಚ್ಚುತ್ತಿರುತ್ತದೆ.

"ಹಂಗಾದ್ರೆ ಹುಸೇನ್‌ಪೀರಗ್ಯಾಕಿಲ್ಲ?"
"ಕೆಲವರ ರಕ್ತದಲ್ಲೊಂದು ಗುರುತಿರುತ್ತದೆ, ಹುಟ್ಟಿನಿಂದ."
ಬರೆಯುತ್ತಲೇ ಅಂದಳು, ತಲೆಯೆತ್ತಲಿಲ್ಲ.
ಅಪ್ಪನ ಕಡೆಯದೋ ಅವ್ವನ ಕಡೆಯದೋ, ನಾನು ಕೇಳಲಿಲ್ಲ.

ಗುಳಿಗೆ ಊಟದ ಮೇಲೆ, ಖಾಲಿ ಹೊಟ್ಟೆಗೆ ಬೇಡ.
ಕಣ್ಣಿನ ಡಾಕ್ಟರಿಗೆ ಇವತ್ತೇ ತೋರಿಸು.
ಕಾಲು ಚಾಚಿ ತೊಡೆ ಬಿಗಿಹಿಡಿದು ಹತ್ತು ಎಣಿಸು.
ಮೂರು ತಿಂಗಳು, ಆರು, ವರುಷವೂ ಆಗಬಹುದು. ಬಹುತೇಕ ಹೋಗುತ್ತದೆ.
"ಬಹುತೇಕ" ಎಂಬ ಮಾತನ್ನು ಸುಂಕಮ್ಮ
ಆಟೋದಲ್ಲಿ ಮನೆವರೆಗೂ ತೊಡೆ ಮೇಲಿಟ್ಟುಕೊಂಡು ಬಂದಳು.

ಐದು ತಿಂಗಳು ದಾರ ಕತ್ತರಿಸುವ ಹೆಂಗಸರ ನಡುವೆ ಕೂತೆ,
ಅರ್ಧ ಕೂಲಿ. ಅವರು ಗಂಡಂದಿರನ್ನು ಬಯ್ಯುವುದನ್ನು
ಪೂರ್ತಿ ಕೇಳಿಸಿಕೊಂಡೆ.
ಈಗ ಮಷೀನಿಗೆ ಮರಳಿದ್ದೇನೆ. ಹಿಮ್ಮಡಿ
ಒಮ್ಮೊಮ್ಮೆ ಬೆಳಗ್ಗೆ ಕೇಳುತ್ತದೆ, ಇದ್ದೀಯಾ ಅಂತ.
ಡ್ರಮ್ಮಿಗೆ ಮುಚ್ಚಳ ತಂದವನು ನಾನೇ, ನೂರಾ ಎಂಬತ್ತು ರೂಪಾಯಿ,
ಗಾದಿಲಿಂಗಪ್ಪ ಇನ್ನೂ ಕೊಟ್ಟಿಲ್ಲ.

ನಿನ್ನೆ ಚಹಾದಂಗಡಿಗೆ ಆಟೋ ಹುಡುಗನೊಬ್ಬ
ಕುಂಟುತ್ತ ಬಂದು ಬೆಂಚಿಗೆ ಕುಸಿದ, ಮೊಣಕಾಲು ಉಜ್ಜಿಕೊಂಡ.
"ತಮ್ಮಾ," ಅಂದೆ, "ಹೋದ ತಿಂಗ್ಳು ಹೊಟ್ಟೆ ಕೆಟ್ಟಿತ್ತೇನು?"
ಅವನು ನನ್ನನ್ನು ನೋಡಿದ, ಅಂಗಡಿಯವನನ್ನು ನೋಡಿದ,
ಚಹಾ ಕೆಳಗಿಟ್ಟ.